ವೈಪರ್ ನಿಂತರೆ ಮೋಟಾರ್ ಬಿಚ್ಚಬೇಡಿ, ಮೊದಲು ಬಲ್ಬ್ ಹಿಡಿಯಿರಿ

ಜುಲೈ ತಿಂಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ನಾಲ್ಕು ತಿರುವು ದಾಟಿರಲಿಲ್ಲ, ವೈಪರ್ ಗಾಜಿನ ನಡುಮಧ್ಯ ಬಂದು ನಿಂತುಬಿಟ್ಟಿತು. ಹೊಸ ಮೋಟಾರ್ ಹಾಕಿಸಿ ಇಪ್ಪತ್ತು ದಿನವೂ ಆಗಿರಲಿಲ್ಲ! ಹಿಂದಿನ ಸಲ ಹೀಗೇ ನಿಂತಾಗ ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ಒಂದು ನಿಮಿಷ ನೋಡಿ "ಮೋಟಾರ್ ಹೋಗಿದೆ" ಅಂದಿದ್ದರು. ನಾನೂ ಸುಮ್ನೆ ತಲೆಯಾಡಿಸಿ ದುಡ್ಡು ಕೊಟ್ಟಿದ್ದೆ.

ಮಳೆ ಕಡಿಮೆಯಾಗುವವರೆಗೆ ರಸ್ತೆ ಬದಿಯಲ್ಲಿ ಕಾದು, ಮೆಲ್ಲಗೆ ಉಜಿರೆ ತಲುಪಿದೆವು. ಅಲ್ಲೊಂದು ಚಿಕ್ಕ ಶೆಡ್ಡಿನಲ್ಲಿ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಇದ್ದರು. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಎರಡು ವೈರ್ ಕಟ್ಟಿದ ಒಂದು ಇಂಡಿಕೇಟರ್ ಬಲ್ಬ್ ತಂದು, ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟಿಸಿದರು. "ಮೋಟಾರ್ ಸರಿ ಉಂಟು ಮಾರಾಯ್ರೆ. ಅದಕ್ಕೆ ಅರ್ಥ್ ಇಲ್ಲ, ಅಷ್ಟೇ." ಆ ವರ್ಷ ಕಾರಿನ ಮುಂಭಾಗಕ್ಕೆ ಟಿಂಕರಿಂಗ್, ಪೇಂಟಿಂಗ್ ಆಗಿತ್ತು. ಪೇಂಟ್ ಹೊಡೆಯುವಾಗ ಅರ್ಥ್ ವೈರ್ ಕೂರುವ ಜಾಗಕ್ಕೂ ಬಣ್ಣ ಬಳಿದು, ಅದರ ಮೇಲೇ ಬೋಲ್ಟ್ ಬಿಗಿದಿದ್ದರು. ಎಮರಿ ಪೇಪರ್‌ನಲ್ಲಿ ಎರಡು ಉಜ್ಜು, ಬೋಲ್ಟ್ ಬಿಗಿ, ಮುಗೀತು.

ಅವತ್ತಿನಿಂದ ನಾನೇ ಒಂದು ಬಲ್ಬ್ ಕಟ್ಟಿಕೊಂಡು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ವೈಪರ್ ಕೈಕೊಟ್ಟಾಗ ತಪ್ಪು ಎಲ್ಲಿದೆ ಅಂತ ಹಂತಹಂತವಾಗಿ ಹುಡುಕುವುದು ಹೇಗೆ, ನೋಡೋಣ.

ಒಳಗೆ ಏನೇನಿದೆ

ಬ್ಯಾಟರಿಯಿಂದ ಬರುವ ಕರೆಂಟ್ ಇಗ್ನಿಷನ್ ಸ್ವಿಚ್ ದಾಟಿ ಫ್ಯೂಸಿಗೆ ಬರುತ್ತದೆ. ಅಲ್ಲಿಂದ ಸ್ಟೀರಿಂಗ್ ಪಕ್ಕದ ಕಡ್ಡಿ, ಅಂದರೆ ಕಾಂಬಿನೇಷನ್ ಸ್ವಿಚ್‌ಗೆ. ಅಲ್ಲಿಂದ ಬಾನೆಟ್ ಕೆಳಗಿನ ಮೋಟಾರಿಗೆ. ಮೋಟಾರಿನಿಂದ ಅರ್ಥ್ ವೈರ್ ಮೂಲಕ ಬಾಡಿಗೆ, ಬಾಡಿಯಿಂದ ಮತ್ತೆ ಬ್ಯಾಟರಿಯ ನೆಗೆಟಿವ್‌ಗೆ. ಈ ಸುತ್ತು ಎಲ್ಲೇ ತುಂಡಾದರೂ ವೈಪರ್ ನಿಲ್ಲುತ್ತದೆ. ಕಾರಿನ ಮಾಡೆಲ್ ಮೇಲೆ ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಇರಬಹುದು, ಹೊಸ ಕಾರಾದರೆ ಒಂದು ಕಂಪ್ಯೂಟರ್ ಡಬ್ಬಿಯೂ ಇರಬಹುದು.

ಮೋಟಾರಿನೊಳಗೆ, ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸಲು ಸಾಮಾನ್ಯವಾಗಿ ಮೂರು ಕಾರ್ಬನ್ ಬ್ರಷ್ ಇರುತ್ತವೆ. ಒಂದು ಅರ್ಥ್‌ಗೆ. ಅದರ ನೇರ ಎದುರಿಗೆ ಇರುವುದು ನಿಧಾನದ ಸ್ಪೀಡಿಗೆ. ಸ್ವಲ್ಪ ಓರೆಯಾಗಿ ಕೂತಿರುವ ಮೂರನೆಯದು ಜೋರು ಸ್ಪೀಡಿಗೆ. ಈ ಮೂರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಲ್ಬ್ ಕಟ್ಟುವುದು ಹೇಗೆ

ಬಿಡಿಭಾಗದ ಅಂಗಡಿಯಲ್ಲಿ 12 ವೋಲ್ಟ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಒಂದು, ಅದರ ಹೋಲ್ಡರ್ ಒಂದು ತನ್ನಿ. ಎರಡು ಮೀಟರ್ ವೈರ್ ಕತ್ತರಿಸಿ ಎರಡು ಭಾಗ ಮಾಡಿ ಹೋಲ್ಡರಿಗೆ ಸೇರಿಸಿ. ಒಂದು ತುದಿಗೆ ಕ್ರೊಕೊಡೈಲ್ ಕ್ಲಿಪ್, ಇನ್ನೊಂದು ತುದಿಗೆ ದಪ್ಪ ಸೂಜಿ ಅಥವಾ ಗುಂಡುಪಿನ್. ಇಷ್ಟೇ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಸಾಕಲ್ವಾ ಅಂತ ನೀವು ಕೇಳಬಹುದು. ಮೀಟರ್ ಬೇಕು, ಆದರೆ ಅದನ್ನೊಂದೇ ನಂಬಿದರೆ ಮೋಸ ಹೋಗುತ್ತೀರಿ. ಒಂದು ವೈರಿನೊಳಗೆ ಇಪ್ಪತ್ತು ಎಳೆ ಇವೆ ಅಂದುಕೊಳ್ಳಿ. ಹತ್ತೊಂಬತ್ತು ಎಳೆ ತುಕ್ಕು ಹಿಡಿದು ತುಂಡಾಗಿ, ಒಂದೇ ಎಳೆ ಉಳಿದಿದ್ದರೂ ಮೀಟರ್ ಆರಾಮಾಗಿ 12 ವೋಲ್ಟ್ ತೋರಿಸುತ್ತದೆ. ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಮೋಟಾರಿಗೆ ಹಾಗಲ್ಲ, ಒದ್ದೆ ಗಾಜಿನ ಮೇಲೂ ಅದು ಕೆಲವು ಆಂಪಿಯರ್ ಎಳೆಯುತ್ತದೆ. 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಹಾಗಾಗಿ ದುರ್ಬಲ ವೈರ್ ಇದ್ದರೆ ಬಲ್ಬ್ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ. ಕಣ್ಣಿಗೆ ಕಾಣುವ ಬೆಳಕು, ಓದಲು ಅಂಕಿ ಬೇಡ.

ಒಂದು ಎಚ್ಚರಿಕೆ. ಈ ಬಲ್ಬನ್ನು ಫ್ಯೂಸ್, ರಿಲೇ, ವೈಪರ್ ಮೋಟಾರ್ ಇಂಥ ಕಡೆ ಮಾತ್ರ ಬಳಸಿ. ಕಂಪ್ಯೂಟರ್ ಡಬ್ಬಿಗೆ ಹೋಗುವ ಸಣ್ಣ ವೈರುಗಳಿಗೆ, ಸೆನ್ಸರ್ ವೈರುಗಳಿಗೆ ಚುಚ್ಚಬೇಡಿ. ಅಷ್ಟು ಕರೆಂಟ್ ತಡೆಯುವ ಶಕ್ತಿ ಅವಕ್ಕಿಲ್ಲ. ಹಳದಿ ಬಣ್ಣದ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಕಂಡರಂತೂ ದೂರ ಇರಿ, ಅದು ಏರ್‌ಬ್ಯಾಗಿನದು.

ಕೈ ಹಾಕುವ ಮೊದಲು

ವೈಪರ್ ಮೋಟಾರ್ ನೋಡಲು ಚಿಕ್ಕದು. ಆದರೆ ಒಳಗಿನ ಗೇರ್‌ನಿಂದಾಗಿ ಅದಕ್ಕೆ ವಿಪರೀತ ಬಲ. ಮೋಟಾರಿನ ತಿರುಗಾಟವನ್ನು ವೈಪರಿಗೆ ದಾಟಿಸುವ ಲಿಂಕೇಜ್ ಸರಳುಗಳ ನಡುವೆ ಬೆರಳಿಟ್ಟಾಗ ಯಾರಾದರೂ ಕೀ ತಿರುಗಿಸಿದರೆ ಬೆರಳು ಉಳಿಯುವುದಿಲ್ಲ. ಲಿಂಕೇಜ್ ಮುಟ್ಟುವಾಗಲೆಲ್ಲ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕೀಯೂ ಜೇಬಿನಲ್ಲೇ ಇರಲಿ.

ಒಣ ಗಾಜಿನ ಮೇಲೆ ವೈಪರ್ ಓಡಿಸಬೇಡಿ, ಒಂದು ಮಗ್ ನೀರು ಹಾಕಿ. ಇನ್ನೊಂದು ಮಾತು: ತುಂಬಾ ಕಾರುಗಳಲ್ಲಿ ಬಾನೆಟ್ ತೆರೆದಿಟ್ಟು ವೈಪರ್ ಹಾಕಿದರೆ ಬ್ಲೇಡ್ ಹಿಡಿದಿರುವ ಆರ್ಮ್ ಬಾನೆಟ್ಟಿನ ಅಂಚಿಗೆ ಬಡಿಯುತ್ತದೆ. ಜಾಗ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಆರ್ಮ್ ಬಿಚ್ಚಿಟ್ಟು ಪರೀಕ್ಷೆ ಮಾಡಿ. ಬಿಚ್ಚುವ ಮೊದಲು ಬ್ಲೇಡ್ ಇರುವ ಜಾಗಕ್ಕೆ ಗಾಜಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಡಿ. ವಾಪಸ್ ಹಾಕುವಾಗ ಅದೇ ಗುರುತು.

ಮೊದಲು ಕಿವಿ, ಆಮೇಲೆ ಕೈ

ಕೀ ಆನ್ ಮಾಡಿ, ವೈಪರ್ ಹಾಕಿ, ಗಾಜು ಇಳಿಸಿ ಕಿವಿಗೊಟ್ಟು ಕೇಳಿ. ಮೋಟಾರ್ ಗುಂಯ್ ಅಂತ ತಿರುಗುವ ಸದ್ದು ಬರುತ್ತಿದೆ, ಆದರೆ ಬ್ಲೇಡ್ ಅಲುಗುತ್ತಿಲ್ಲ. ಹಾಗಾದರೆ ಕರೆಂಟಿನ ತೊಂದರೆ ಅಲ್ಲವೇ ಅಲ್ಲ. ಆರ್ಮ್ ಬುಡದ ನಟ್ ಸಡಿಲವಾಗಿ ಜಾರುತ್ತಿರಬಹುದು, ಇಲ್ಲವೇ ಲಿಂಕೇಜಿನ ಪ್ಲಾಸ್ಟಿಕ್ ಬಟ್ಟಲು ಸವೆದು ಗುಂಡಿನಿಂದ ಕಳಚಿಕೊಂಡಿರಬಹುದು. ಒಂದೇ ಕಡೆಯ ವೈಪರ್ ನಿಂತು ಇನ್ನೊಂದು ಓಡುತ್ತಿದ್ದರೂ ಇದೇ ಕಥೆ, ಹೆಚ್ಚಿನ ಕಾರುಗಳಲ್ಲಿ ಎರಡಕ್ಕೂ ಇರುವುದು ಒಂದೇ ಮೋಟಾರ್ ತಾನೆ.

ಸದ್ದೇ ಇಲ್ಲ, ಅಥವಾ ಒಂದು ಸಣ್ಣ ಹೂಂಕಾರ ಮಾತ್ರ ಬಂದು ನಿಲ್ಲುತ್ತದೆ ಅಂದರೆ ಮುಂದಕ್ಕೆ ಹೋಗೋಣ. ಹೂಂಕಾರ ಬರುತ್ತಿದ್ದರೆ ಕೂಡಲೇ ಸ್ವಿಚ್ ಆಫ್ ಮಾಡಿ. ಮೋಟಾರಿಗೆ ಕರೆಂಟ್ ಬರುತ್ತಿದೆ, ತಿರುಗಲು ಆಗುತ್ತಿಲ್ಲ. ಹಾಗೇ ಬಿಟ್ಟರೆ ಸುಟ್ಟುಹೋಗುತ್ತದೆ.

ಏನೂ ಇಲ್ಲ, ಪೂರ್ತಿ ಸತ್ತಿದೆ

ಮೊದಲು ಫ್ಯೂಸ್. ಫ್ಯೂಸ್ ಡಬ್ಬಿಯ ಮುಚ್ಚಳದ ಒಳಗೆ ಚಿತ್ರ ಇರುತ್ತದೆ, ವೈಪರ್ ಗುರುತು ಹುಡುಕಿ. ಫ್ಯೂಸನ್ನು ಕೀಳಬೇಕಾಗಿಲ್ಲ. ಅದರ ಬೆನ್ನ ಮೇಲೆ ಎರಡು ಚಿಕ್ಕ ಲೋಹದ ಚುಕ್ಕೆ ಇರುತ್ತವೆ. ಬಲ್ಬಿನ ಕ್ಲಿಪ್ಪನ್ನು ಬಾಡಿಯ ಒಳ್ಳೆಯ ಲೋಹಕ್ಕೆ ಸಿಕ್ಕಿಸಿ, ಕೀ ಆನ್ ಇಟ್ಟು, ಸೂಜಿಯನ್ನು ಎರಡೂ ಚುಕ್ಕೆಗೆ ಮುಟ್ಟಿಸಿ. ಎರಡರಲ್ಲೂ ಉರಿದರೆ ಫ್ಯೂಸ್ ಸರಿ. ಒಂದರಲ್ಲಿ ಮಾತ್ರ ಉರಿದರೆ ಫ್ಯೂಸ್ ಹೋಗಿದೆ. ಎರಡರಲ್ಲೂ ಇಲ್ಲವಾದರೆ ತೊಂದರೆ ಫ್ಯೂಸಿನ ಹಿಂದೆ, ಇಗ್ನಿಷನ್ ರಿಲೇ ಅಥವಾ ಕೀ ಸ್ವಿಚ್ಚಿನ ಕಡೆ. ಆಗ ಸಾಮಾನ್ಯವಾಗಿ ಪವರ್ ವಿಂಡೋ, ಬ್ಲೋವರ್ ಇಂಥ ಒಂದೆರಡು ಕೂಡ ಸತ್ತಿರುತ್ತವೆ, ಹಾಕಿ ನೋಡಿ.

ಫ್ಯೂಸ್ ಸರಿ ಇದೆ ಅಂದರೆ ನೇರ ಮೋಟಾರಿನ ಕಪ್ಲರಿಗೆ ಹೋಗಿ. ಸ್ವಿಚ್ ಬಿಚ್ಚುವುದು, ಡ್ಯಾಶ್‌ಬೋರ್ಡ್ ಕಳಚುವುದು ಈಗ ಬೇಡ. ಮೋಟಾರಿನ ಹತ್ತಿರ ನಿಂತರೆ ಇಡೀ ಸುತ್ತು ಅಲ್ಲೇ ಎರಡು ಪಾಲಾಗಿ ಗೊತ್ತಾಗುತ್ತದೆ. ಕರೆಂಟ್ ಇಲ್ಲಿವರೆಗೆ ಬಂದಿದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ. ತುಂಬಾ ಕಾರುಗಳಲ್ಲಿ ಮೋಟಾರ್ ಗಾಜಿನ ಬುಡದ ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇರುತ್ತದೆ. ಕೆಲವದರಲ್ಲಿ ಮುಚ್ಚಳ ತೆಗೆಯದೆಯೇ ಬಾನೆಟ್ ಒಳಗಿನಿಂದ ಕೈಗೆ ಸಿಗುತ್ತದೆ.

ಕಪ್ಲರಿನಲ್ಲಿ ನಾಲ್ಕೋ ಐದೋ ವೈರ್ ಕಾಣುತ್ತವೆ. ನಿಧಾನ, ಜೋರು, ಪಾರ್ಕ್ (ಆಫ್ ಮಾಡಿದಾಗ ಬ್ಲೇಡನ್ನು ಕೆಳಗೆ ತಂದು ನಿಲ್ಲಿಸುವ ವೈರ್), ಯಾವಾಗಲೂ ಬರುವ ಪಾಸಿಟಿವ್, ಮತ್ತೆ ಅರ್ಥ್. ಯಾವುದು ಯಾವುದು ಅಂತ ನಿಮ್ಮ ಕಾರಿನ ವೈರಿಂಗ್ ಚಿತ್ರ ಹೇಳುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಾರುಗಳ ಚಿತ್ರದಲ್ಲಿ ಜರ್ಮನ್ ನಂಬರ್ ಸಿಗುತ್ತವೆ: 31 ಅಂದರೆ ಅರ್ಥ್, 53 ನಿಧಾನ, 53ಬಿ ಜೋರು, 53ಎ ಪಾಸಿಟಿವ್.

ಈಗ ವೈಪರ್ ಸ್ವಿಚ್ಚನ್ನು ನಿಧಾನದ ಸ್ಪೀಡಿಗೆ ಇಡಿ. ಕಪ್ಲರ್ ಹಾಕಿಯೇ ಇರಲಿ. ಹಿಂಬದಿಯಿಂದ, ವೈರ್ ಒಳಹೋಗುವ ತೂತಿನಲ್ಲಿ ಸೂಜಿ ತೂರಿಸಿ. ವೈರಿನ ಹೊದಿಕೆಗೆ ಚುಚ್ಚಬೇಡಿ, ಆ ತೂತಿನಲ್ಲೇ ಮುಂದಿನ ಮಳೆಗಾಲಕ್ಕೆ ನೀರು ಇಳಿದು ಹಸಿರು ಪಾಚಿಯಂಥ ತುಕ್ಕು ಹಿಡಿಯುತ್ತದೆ.

ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೇ ಸಿಕ್ಕಿಸಿ, ಸೂಜಿ ನಿಧಾನದ ವೈರಿಗೆ. ಉರಿಯಲಿಲ್ಲವಾದರೆ ಕರೆಂಟ್ ಇಲ್ಲಿವರೆಗೆ ಬಂದಿಲ್ಲ. ಸ್ವಿಚ್, ರಿಲೇ ಅಥವಾ ನಡುವಿನ ವೈರ್ ನೋಡಬೇಕು. ಚೆನ್ನಾಗಿ ಉರಿಯಿತು, ಮೋಟಾರ್ ಮಾತ್ರ ಸುಮ್ಮನಿದೆ ಅಂದರೆ ಉಳಿದದ್ದು ಎರಡೇ: ಮೋಟಾರ್ ಅಥವಾ ಅರ್ಥ್. ಈಗ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್‌ಗೆ ಬದಲಿಸಿ, ಸೂಜಿಯನ್ನು ಅರ್ಥ್ ವೈರಿಗೆ ಮುಟ್ಟಿಸಿ. ಚೆನ್ನಾಗಿ ಉರಿದರೆ ಅರ್ಥ್ ಸರಿ, ಮೋಟಾರ್ ಮೇಲೆ ಅನುಮಾನ ಪಡಬಹುದು. ಮಂಕಾದರೆ ಅಥವಾ ಉರಿಯದಿದ್ದರೆ ನನ್ನ ಚಾರ್ಮಾಡಿ ಕಥೆ.

ಒಂದು ಅಪವಾದ ಹೇಳಿಬಿಡುತ್ತೇನೆ. ಕೆಲವು ಕಾರುಗಳಲ್ಲಿ, ಅದರಲ್ಲೂ ಹಳೆಯದರಲ್ಲಿ, ಉಲ್ಟಾ ವ್ಯವಸ್ಥೆ ಇರುತ್ತದೆ. ಮೋಟಾರಿಗೆ ಪಾಸಿಟಿವ್ ಯಾವಾಗಲೂ ಬರುತ್ತಿರುತ್ತದೆ, ಸ್ವಿಚ್ ಕೊಡುವುದು ಅರ್ಥ್ ಅನ್ನು. ಅಂಥ ಕಾರಿನಲ್ಲಿ ಮೇಲಿನ ಪರೀಕ್ಷೆ ತಲೆಕೆಳಗಾಗುತ್ತದೆ. ವೈರಿಂಗ್ ಚಿತ್ರ ನೋಡದೆ ತೀರ್ಪು ಕೊಡಬೇಡಿ ಅನ್ನುವುದು ಇದಕ್ಕೇ.

ಮೋಟಾರ್ ಮೇಲೆ ಅನುಮಾನ ಬಂದರೆ ಇನ್ನೊಂದು ಹಳೆಯ ಪರೀಕ್ಷೆ. ಸ್ವಿಚ್ ಆನ್ ಇಟ್ಟು, ಕೈ ಸರಳುಗಳಿಂದ ದೂರ ಇಟ್ಟುಕೊಂಡು, ಮೋಟಾರಿನ ಡಬ್ಬಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಎರಡು ತಟ್ಟಿ. ತಟ್ಟಿದಾಗ ಎದ್ದು ಓಡಿದರೆ ಬ್ರಷ್ ಸವೆದಿದೆ ಅಥವಾ ಸಿಕ್ಕಿಹಾಕಿಕೊಂಡಿದೆ. ತಟ್ಟಿ ಓಡಿಸುತ್ತಾ ಎರಡು ವಾರ ತಳ್ಳಬಹುದು, ಮೂರನೇ ವಾರ ಘಾಟಿಯಲ್ಲಿ ನಿಲ್ಲುತ್ತದೆ. ಬ್ರಷ್ ಮಾತ್ರ ಬದಲಿಸಿ ಕೊಡುವ ಎಲೆಕ್ಟ್ರಿಷಿಯನ್‌ಗಳು ಈಗಲೂ ಇದ್ದಾರೆ, ಹೊಸ ಮೋಟಾರಿಗೆ ಮೊದಲು ಅವರನ್ನು ಕೇಳಿ.

ಅರ್ಥ್ ಅನ್ನುವ ಕಳ್ಳ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಪಾಸಿಟಿವ್ ವೈರಿಗೆ ಫ್ಯೂಸ್ ಇದೆ, ರಿಲೇ ಇದೆ, ಎಲ್ಲರ ಕಣ್ಣೂ ಅದರ ಮೇಲೇ. ಅರ್ಥ್ ವೈರ್ ಪಾಪ, ಎಲ್ಲೋ ಮೂಲೆಯಲ್ಲಿ 10 ನಂಬರಿನ ಒಂದು ಬೋಲ್ಟಿನ ಕೆಳಗೆ ಮಳೆ, ಕೆಸರು ತಿನ್ನುತ್ತಾ ಕೂತಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಕಡಲ ಉಪ್ಪುಗಾಳಿ ಬೇರೆ.

ಇಲ್ಲಿ ಮಲ್ಟಿಮೀಟರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಕಡ್ಡಿ ಮೋಟಾರಿನ ಅರ್ಥ್ ಪಿನ್ನಿಗೆ. ಈಗ ವೈಪರ್ ಓಡಿಸಿ, ಓಡುತ್ತಿರುವಾಗಲೇ ಓದಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ತಡೆ ಇದೆ. ಆ ಸಂಖ್ಯೆ ಅಂದರೆ ಮೋಟಾರಿಗೆ ಸಿಗಬೇಕಾದ ವೋಲ್ಟೇಜ್ ದಾರಿಯಲ್ಲಿ ಕಳುವಾದ ಲೆಕ್ಕ. ಉಜಿರೆಯ ಶೆಡ್ಡಿನಲ್ಲಿ ಅವರು ನನಗೆ ಮೀಟರ್ ತೋರಿಸಿದಾಗ ಅದರಲ್ಲಿ 4 ವೋಲ್ಟ್ ಚಿಲ್ಲರೆ ಇತ್ತು. 12ರಲ್ಲಿ 4 ಹೋದರೆ ಮೋಟಾರ್ ಏನು ಮಾಡುತ್ತದೆ ಪಾಪ!

ಇದೇ ಲೆಕ್ಕ ಪಾಸಿಟಿವ್ ಕಡೆಗೂ. ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ಮೋಟಾರಿನ ನಿಧಾನದ ಪಿನ್ನಿಗೆ, ವೈಪರ್ ಓಡುತ್ತಿರಲಿ. ಇಲ್ಲಿ ಸ್ವಿಚ್, ರಿಲೇ, ಫ್ಯೂಸ್ ಎಲ್ಲ ದಾಟಿ ಬರುವುದರಿಂದ ಅರ್ಧ ವೋಲ್ಟಿನ ತನಕ ಪರವಾಗಿಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಒಂದೊಂದೇ ಕೊಂಡಿ ಹಿಂದಕ್ಕೆ ಬನ್ನಿ. ಎಲ್ಲಿ ಸಂಖ್ಯೆ ಥಟ್ಟನೆ ಇಳಿಯುತ್ತದೋ ಆ ಕೊಂಡಿಯೇ ಕಳ್ಳ.

ಅರ್ಥ್ ಸರಿ ಮಾಡುವುದು ಐದು ನಿಮಿಷದ ಕೆಲಸ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೋಲ್ಟ್ ತೆಗೆದು, ಬಾಡಿಯ ಆ ಜಾಗವನ್ನೂ ವೈರಿನ ತುದಿಯ ಬಳೆಯನ್ನೂ ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ. ಬಿಗಿಯಾಗಿ ಬೋಲ್ಟ್ ಹಾಕಿ. ಆಮೇಲೆ ಮೇಲಿನಿಂದ ವ್ಯಾಸಲೀನ್ ಬಳಿಯಿರಿ. ಮೊದಲು ವ್ಯಾಸಲೀನ್ ಬಳಿದು ಆಮೇಲೆ ಬಿಗಿಯುವವರೂ ಇದ್ದಾರೆ. ನನಗೆ ಲೋಹಕ್ಕೆ ಲೋಹ ತಾಗಿದ ಮೇಲೆ ಮುಚ್ಚುವುದೇ ಸರಿ ಅನಿಸುತ್ತದೆ.

ಫ್ಯೂಸ್ ಹಾಕಿದಷ್ಟೂ ಹೋಗುತ್ತಿದೆ

ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕುವ ಆಸೆ ಇಲ್ಲೇ ಬರುವುದು. ಬೇಡ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವುದಂತೂ ಬೇಡವೇ ಬೇಡ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತದೆ, ಅದು ಡ್ಯಾಶ್‌ಬೋರ್ಡಿನ ಒಳಗೆ. ಬಣ್ಣ ನೆನಪಿಡಿ: 10 ಕೆಂಪು, 15 ನೀಲಿ, 20 ಹಳದಿ, 25 ಬಿಳಿ, 30 ಹಸಿರು. ಯಾವ ಬಣ್ಣ ಇತ್ತೋ ಅದೇ ಹೋಗಬೇಕು.

ಹುಡುಕುವ ದಾರಿ ಹೀಗೆ. ಹೋದ ಫ್ಯೂಸಿನ ಜಾಗದಲ್ಲಿ, ಎರಡು ಕಾಲುಗಳ ನಡುವೆ, ನಿಮ್ಮ ಬಲ್ಬನ್ನೇ ಸೇರಿಸಿ. ಹಳೆಯ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಇದ್ದರೆ ಇನ್ನೂ ಒಳ್ಳೆಯದು. ಈಗ ಎಲ್ಲೇ ಶಾರ್ಟ್ ಆಗಿದ್ದರೂ ಬಲ್ಬ್ ಪೂರ್ತಿ ಉರಿಯುತ್ತದೆಯೇ ಹೊರತು ವೈರ್ ಬಿಸಿಯಾಗುವುದಿಲ್ಲ. ಫ್ಯೂಸ್ ವೇಸ್ಟ್ ಮಾಡುವುದೂ ತಪ್ಪುತ್ತದೆ.

ಕೀ ಆನ್, ವೈಪರ್ ಆನ್. ಬಲ್ಬ್ ಝಗ್ಗನೆ ಉರಿಯುತ್ತಿದೆಯಾ? ಮೋಟಾರಿನ ಕಪ್ಲರ್ ಕಿತ್ತು ನೋಡಿ. ಬಲ್ಬ್ ಆರಿದರೆ ಶಾರ್ಟ್ ಇರುವುದು ಮೋಟಾರಿನೊಳಗೆ, ಅಥವಾ ಮೋಟಾರ್ ತಿರುಗಲಾಗದೆ ಕರೆಂಟ್ ನುಂಗುತ್ತಿದೆ. ಕಪ್ಲರ್ ಕಿತ್ತರೂ ಉರಿಯುತ್ತಲೇ ಇದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ. ವೈರ್ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಹೋಗಿ, ಬಲ್ಬ್ ಮಿಣುಕಿದ ಜಾಗ ಸಿಕ್ಕಿದರೆ ಕೆಲಸ ಮುಗಿದ ಹಾಗೆ. ತಗಡಿನ ತೂತು ದಾಟುವ ಜಾಗ, ಬಾನೆಟ್ಟಿನ ಬಿಜಾಗರಿಯ ಹತ್ತಿರ ಮೊದಲು ನೋಡಿ.

ಮಳೆಗಾಲದಲ್ಲಿ ಇನ್ನೊಬ್ಬ ಆರೋಪಿ ಇರುತ್ತಾನೆ, ಇಲಿ. ಹೊರಗೆ ಮಳೆ, ಎಂಜಿನ್ ಬಿಸಿ ಬಿಸಿ, ಇದಕ್ಕಿಂತ ಒಳ್ಳೆಯ ಮನೆ ಅದಕ್ಕೆ ಎಲ್ಲಿ ಸಿಗಬೇಕು? ಒಂದು ಸಲ ನನ್ನ ಕಾರಿನಲ್ಲಿ ಅರ್ಧ ತಿಂದ ತೆಂಗಿನ ಚೂರು, ಅದರ ಪಕ್ಕ ಹೊದಿಕೆ ಕಿತ್ತ ಮೂರು ವೈರ್ ಸಿಕ್ಕಿದ್ದವು. ವೈರ್ ಬೆಸೆದು ಟೇಪ್ ಸುತ್ತುವುದು ಸುಲಭ. ಪಕ್ಕದ ವೈರುಗಳನ್ನೂ ಒಂದೊಂದಾಗಿ ನೋಡುವುದನ್ನು ಮರೆಯಬೇಡಿ.

ಓಡುತ್ತದೆ, ಆದರೆ ತೆವಳುತ್ತದೆ

ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಅದು ಸರಿ ಇದ್ದು, ಮೇಲೆ ಹೇಳಿದ ಅರ್ಥ್, ಪಾಸಿಟಿವ್ ಪರೀಕ್ಷೆಗಳೂ ಸರಿ ಬಂದರೆ ತಪ್ಪು ಹೆಚ್ಚಾಗಿ ಕರೆಂಟಿನದಲ್ಲ, ಜಿಡ್ಡಿನದು. ಆರ್ಮ್ ತಿರುಗುವ ಕಡ್ಡಿಗಳು ಅವುಗಳ ಕೊಳವೆಯೊಳಗೆ ಒಣಗಿ ಬಿಗಿಯಾಗಿರುತ್ತವೆ. ಫ್ಯೂಸ್ ಕಿತ್ತು, ಲಿಂಕೇಜನ್ನು ಮೋಟಾರಿನಿಂದ ಕಳಚಿ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಸರಾಗವಾಗಿ ಹೋಗಬೇಕು. ಕೈಗೇ ಬಿಗಿ ಅನಿಸಿದರೆ ಮೋಟಾರಿಗೆ ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ. ಕೆಲವು ಮೋಟಾರುಗಳೊಳಗೆ ಬಿಸಿಯಾದರೆ ತಾನಾಗಿ ಕಟ್ ಆಗುವ ವ್ಯವಸ್ಥೆ ಇದೆ. ಹತ್ತು ನಿಮಿಷ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ ಅಂದರೆ ಮೊದಲು ಈ ಬಿಗಿಯನ್ನೇ ನೋಡಿ.

ಕರೆಂಟ್ ಅಳೆಯುವ ಆಸೆ ಇದ್ದರೆ ವೈರಿನ ಸುತ್ತ ಕಚ್ಚಿಸಿ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಬಳಸಿ. ಸಾಧಾರಣ ಮಲ್ಟಿಮೀಟರ್ ತಡೆಯುವುದು 10 ಆಂಪಿಯರ್. ಮೋಟಾರ್ ಸಿಕ್ಕಿಹಾಕಿಕೊಂಡರೆ ಅದಕ್ಕಿಂತ ಜಾಸ್ತಿ ಎಳೆದು ಮೀಟರಿನ ಒಳಗಿನ ಫ್ಯೂಸನ್ನೇ ಸುಡುತ್ತದೆ.

ಒಂದು ಸ್ಪೀಡ್ ಇದೆ, ಇನ್ನೊಂದಿಲ್ಲ

ಇದು ಸುಲಭದ ಕೇಸ್. ಒಂದು ಸ್ಪೀಡ್ ಓಡುತ್ತಿದೆ ಅಂದರೆ ಅರ್ಥ್ ಸರಿ, ಲಿಂಕೇಜ್ ಸರಿ. ಹೆಚ್ಚಿನ ಕಾರುಗಳಲ್ಲಿ ಎರಡೂ ಸ್ಪೀಡಿಗೆ ಫ್ಯೂಸ್ ಒಂದೇ, ಹಾಗಾಗಿ ಅದೂ ಸರಿ. ಸತ್ತಿರುವ ಸ್ಪೀಡಿಗೆ ಸ್ವಿಚ್ ಇಟ್ಟು, ಮೋಟಾರಿನ ಆ ಪಿನ್ನಿಗೆ ಬಲ್ಬ್ ಹಿಡಿಯಿರಿ. ಉರಿದರೆ ಮೋಟಾರಿನ ಆ ಬ್ರಷ್ ಹೋಗಿದೆ. ಉರಿಯದಿದ್ದರೆ ಕಾಂಬಿನೇಷನ್ ಸ್ವಿಚ್ಚಿನೊಳಗಿನ ಆ ತಾಮ್ರದ ಚುಕ್ಕೆ ಸುಟ್ಟಿದೆ, ಅಥವಾ ಆ ಒಂದು ವೈರ್ ತುಂಡಾಗಿದೆ. ಸ್ವಿಚ್ಚಿನ ಕಡ್ಡಿಯನ್ನು ಸ್ವಲ್ಪ ಮೇಲೆ ಒತ್ತಿ ಹಿಡಿದಾಗ ಓಡಿದರೆ ಸ್ವಿಚ್ಚೇ ಅಪರಾಧಿ.

ಸ್ವಿಚ್ ತೆಗೆಯಲು ಸ್ಟೀರಿಂಗ್ ಕವರ್ ಬಿಚ್ಚಬೇಕು. ಕಡ್ಡಿ ಪಕ್ಕದಿಂದಲೇ ಎಳೆದು ಬರುವಂಥದ್ದಾದರೆ ಸರಿ. ಸ್ಟೀರಿಂಗ್ ಚಕ್ರವನ್ನೇ ತೆಗೆಯಬೇಕಾದ ಕಾರಾದರೆ ಏರ್‌ಬ್ಯಾಗಿಗೆ ಕೈ ಹಾಕಬೇಕಾಗುತ್ತದೆ. ಅದು ಮನೆಯಂಗಳದ ಕೆಲಸವಲ್ಲ, ಗೊತ್ತಿರುವವರಿಗೆ ಬಿಡಿ.

ಆಫ್ ಮಾಡಿದರೆ ಎಲ್ಲೆಂದರಲ್ಲಿ ನಿಲ್ಲುತ್ತದೆ, ಅಥವಾ ನಿಲ್ಲುವುದೇ ಇಲ್ಲ

ನನಗೆ ತುಂಬಾ ಇಷ್ಟದ ಭಾಗ ಇದು. ಸ್ವಿಚ್ ಆಫ್ ಮಾಡಿದಾಗ ಬ್ಲೇಡ್ ಗಾಜಿನ ಯಾವ ಮೂಲೆಯಲ್ಲಿದ್ದರೂ ಕೆಳಗೆ ಬಂದೇ ನಿಲ್ಲುತ್ತದಲ್ವಾ? ಅದು ಹೇಗೆ?

ಮೋಟಾರಿನ ಗೇರ್ ಚಕ್ರದ ಜೊತೆ ಒಂದು ತಾಮ್ರದ ಬಳೆ ತಿರುಗುತ್ತಿರುತ್ತದೆ. ಅದಕ್ಕೆ ಒಂದೆರಡು ತೆಳು ಲೋಹದ ಪತ್ತಿಗಳು ತಾಗಿಕೊಂಡಿರುತ್ತವೆ. ನೀವು ಆಫ್ ಮಾಡಿದಾಗ ಸ್ವಿಚ್, ನಿಧಾನದ ವೈರನ್ನು ಪಾರ್ಕ್ ವೈರಿಗೆ ಜೋಡಿಸುತ್ತದೆ. ಬ್ಲೇಡ್ ಗಾಜಿನ ಮಧ್ಯದಲ್ಲಿದ್ದರೆ ತಾಮ್ರದ ಬಳೆಯ ಮೂಲಕ ಪಾರ್ಕ್ ವೈರಿಗೆ 12 ವೋಲ್ಟ್ ಬರುತ್ತಲೇ ಇರುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ. ಕೆಳಗೆ ಬಂದ ಕೂಡಲೇ ಬಳೆಯಲ್ಲಿ ಒಂದು ಕಚ್ಚು ಬರುತ್ತದೆ. ಪಾಸಿಟಿವ್ ಕಡಿದು, ಪಾರ್ಕ್ ವೈರ್ ಅರ್ಥ್‌ಗೆ ಸೇರುತ್ತದೆ. ಆಗ ಮೋಟಾರಿನ ಎರಡೂ ತುದಿ ಅರ್ಥ್ ಆಗಿ, ಅದರ ಸ್ವಂತ ತಿರುಗಾಟವೇ ಅದಕ್ಕೆ ಬ್ರೇಕ್ ಆಗುತ್ತದೆ. ಥಟ್ ಅಂತ ನಿಲ್ಲುವುದು ಅದಕ್ಕೇ.

ಇದು ಗೊತ್ತಾದರೆ ಮೂರು ರೋಗ ಬೇರೆ ಬೇರೆಯಾಗಿ ಕಾಣುತ್ತವೆ. ಆಫ್ ಮಾಡಿದ ಕ್ಷಣವೇ ಇದ್ದಲ್ಲೇ ನಿಂತರೆ ಪಾರ್ಕ್ ವೈರಿಗೆ ಪಾಸಿಟಿವ್ ಸಿಗುತ್ತಿಲ್ಲ. ಎಷ್ಟು ಆಫ್ ಮಾಡಿದರೂ ಓಡುತ್ತಲೇ ಇದ್ದರೆ ಪಾಸಿಟಿವ್ ಕಡಿಯುತ್ತಿಲ್ಲ, ಅಥವಾ ರಿಲೇ ಅಂಟಿಕೊಂಡಿದೆ. ಕೆಳಗೆ ಬಂದು, ಸ್ವಲ್ಪ ತಡವರಿಸಿ, ಗುರಿ ದಾಟಿ ಮತ್ತೊಂದು ಸುತ್ತು ಹೊರಟರೆ ಬ್ರೇಕಿನ ಅರ್ಥ್ ಸಿಗುತ್ತಿಲ್ಲ.

ಪರೀಕ್ಷೆ ನೋಡಲು ಚೆಂದ. ಗಾಜಿಗೆ ನೀರು ಹಾಕಿ ವೈಪರನ್ನು ನಿಧಾನದಲ್ಲಿ ಓಡಿಸಿ. ಬಲ್ಬಿನ ಕ್ಲಿಪ್ ಅರ್ಥ್‌ಗೆ, ಸೂಜಿ ಪಾರ್ಕ್ ವೈರಿಗೆ. ಬ್ಲೇಡ್ ಮೇಲೆ ಕೆಳಗೆ ಹೋಗುತ್ತಿರುವಷ್ಟು ಹೊತ್ತೂ ಬಲ್ಬ್ ಉರಿಯಬೇಕು, ಕೆಳಗೆ ಬಂದಾಗ ಒಮ್ಮೆ ಕಣ್ಣು ಮಿಟುಕಿಸಬೇಕು. ಪ್ರತಿ ಸುತ್ತಿಗೆ ಒಂದೇ ಸಲ. ಮಿಟುಕಿಸುತ್ತಿದ್ದರೆ ಮೋಟಾರಿನೊಳಗಿನ ಪಾರ್ಕ್ ಭಾಗ ಸರಿ, ತಪ್ಪು ಸ್ವಿಚ್ ಅಥವಾ ರಿಲೇ ಕಡೆ. ಉರಿಯುತ್ತಲೇ ಇದ್ದರೆ, ಅಥವಾ ಉರಿಯದೇ ಇದ್ದರೆ, ಮೊದಲು ಮೋಟಾರಿನ ಪಾಸಿಟಿವ್ ಪಿನ್ನಿಗೆ ಕರೆಂಟ್ ಇದೆಯಾ ನೋಡಿ, ಇದ್ದರೆ ಗೇರ್ ಮುಚ್ಚಳ ತೆಗೆಯಿರಿ. ಒಳಗಿನ ಹಳೆಯ ಗ್ರೀಸ್ ಕಪ್ಪಾಗಿ ಗಟ್ಟಿಯಾಗಿ ಬಳೆಯ ಮೇಲೆ ಹರಡಿರುವುದು ಮಾಮೂಲು. ಬಟ್ಟೆಯಲ್ಲಿ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪತ್ತಿಯನ್ನು ಕೂದಲೆಳೆಯಷ್ಟು ಬಾಗಿಸಿ, ಗೇರ್ ಹಲ್ಲಿಗೆ ಮಾತ್ರ ಹೊಸ ಗ್ರೀಸ್ ಹಾಕಿ.

ಇಲ್ಲಿ ಸುಳ್ಳು ಗಾಬರಿಯೂ ಇದೆ. ವೈಪರ್ ಓಡುವಾಗಲೇ ಕೀ ತೆಗೆದರೆ ಅದು ಮಧ್ಯದಲ್ಲೇ ನಿಲ್ಲುತ್ತದೆ, ತಪ್ಪೇನಿಲ್ಲ. ಬ್ಲೇಡ್ ಬದಲಿಸಿದವರು ಆರ್ಮನ್ನು ತಪ್ಪು ಹಲ್ಲಿಗೆ ಕೂರಿಸಿದ್ದರೂ ಮೇಲೇ ನಿಲ್ಲುತ್ತದೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಮೋಟಾರ್ ಸರಿಯಾಗಿಯೇ ಪಾರ್ಕ್ ಆಗುತ್ತಿದೆ, ಆರ್ಮ್ ತೆಗೆದು ಸರಿಯಾಗಿ ಕೂರಿಸಿ ಅಷ್ಟೇ.

ಬಿಟ್ಟು ಬಿಟ್ಟು ಒರೆಸುವುದು ಕೆಲಸ ಮಾಡುತ್ತಿಲ್ಲ

ಕಣ್ಣು ರೆಪ್ಪೆ ಬಡಿಯುವ ಹಾಗೆ ವೈಪರ್ ಯಾಕೆ ಇರಬಾರದು ಅಂತ ಯೋಚಿಸಿದವರು ಅಮೆರಿಕದ ಎಂಜಿನಿಯರ್ ರಾಬರ್ಟ್ ಕರ್ನ್ಸ್. 1967ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಕರೆಂಟನ್ನು ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್ ನಿಧಾನವಾಗಿ ತುಂಬಬೇಕು, ತುಂಬಿದಾಗ ಮೋಟಾರಿಗೆ ಒಂದು ತಳ್ಳು. ಹಳೆಯ ಕಾರುಗಳ ಇಂಟರ್ಮಿಟೆಂಟ್ ರಿಲೇ ಒಳಗೆ ಇರುವುದೂ ಇಂಥದ್ದೇ ಸಣ್ಣ ಸರ್ಕ್ಯೂಟ್.

ಎರಡೂ ಸ್ಪೀಡ್ ಚೆನ್ನಾಗಿದ್ದು ಇದೊಂದೇ ಸತ್ತಿದ್ದರೆ ಮೋಟಾರ್ ಕಡೆ ತಲೆ ಹಾಕಬೇಡಿ. ಸ್ವಿಚ್ಚನ್ನು ಆ ಜಾಗಕ್ಕೆ ಇಟ್ಟು ರಿಲೇ ಮೇಲೆ ಬೆರಳಿಡಿ. ಟಿಕ್ ಟಿಕ್ ಬಡಿತ ಬೆರಳಿಗೆ ತಿಳಿಯಬೇಕು. ಬಡಿತ ಇದ್ದೂ ವೈಪರ್ ಏಳದಿದ್ದರೆ ರಿಲೇ ಒಳಗಿನ ಚುಕ್ಕೆ ಸುಟ್ಟಿದೆ. ಬಡಿತವೇ ಇಲ್ಲದಿದ್ದರೆ ರಿಲೇ ಸತ್ತಿದೆ, ಅಥವಾ ಸ್ವಿಚ್ಚಿನಿಂದ ಅದಕ್ಕೆ ಆಜ್ಞೆ ಬರುತ್ತಿಲ್ಲ. ಮಾಮೂಲು ನಾಲ್ಕು ಕಾಲಿನ ರಿಲೇ ಆದರೆ ಅದೇ ನಂಬರಿನ ಹಾರ್ನ್ ರಿಲೇ ಹಾಕಿ ನೋಡಬಹುದು. ಇಂಟರ್ಮಿಟೆಂಟ್ ರಿಲೇ ಬೇರೆ ಜಾತಿ, ಕಾಲುಗಳು ಕೂರುತ್ತವೆ ಅಂತ ಬೇರೆಯದನ್ನು ಚುಚ್ಚಬೇಡಿ.

ಹೊಸ ಕಾರುಗಳಲ್ಲಿ ಈ ಕೆಲಸ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಡಬ್ಬಿಯದು. ಸ್ವಿಚ್ ಕೊಡುವುದು ಬರೀ ಸಂದೇಶ. ಫ್ಯೂಸ್, ಅರ್ಥ್, ಮೋಟಾರಿನ ಕಪ್ಲರ್, ಈ ಮೂರನ್ನು ನೀವು ನೋಡಬಹುದು. ಅವು ಸರಿ ಇದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಮಳೆ ಸೆನ್ಸರ್ ಇರುವ ಕಾರಿನಲ್ಲಿ ಗಾಜು ಬದಲಿಸಿದ ಮೇಲೆ ವೈಪರ್ ಹುಚ್ಚುಹುಚ್ಚಾಗಿ ಓಡಿದರೆ, ಸೆನ್ಸರಿಗೂ ಗಾಜಿಗೂ ನಡುವಿನ ಜೆಲ್ ಪದರದಲ್ಲಿ ಗಾಳಿಗುಳ್ಳೆ ಕೂತಿದೆಯಾ ನೋಡಲು ಹೇಳಿ. ಗಾಜಿನ ಮೇಲೆ ಬೆಳಕು ಹೇಗೆ ವಾಪಸ್ ಬರುತ್ತದೆ ಅನ್ನುವುದರಿಂದಲೇ ಅದು ಮಳೆ ಗುರುತಿಸುವುದು. ಗುಳ್ಳೆಯನ್ನು ಹನಿ ಅಂತ ತಿಳಿದುಕೊಳ್ಳುತ್ತದೆ ಪಾಪ.

ಮೇ ಕೊನೆಯ ಭಾನುವಾರ

ಮಳೆಗಾಲಕ್ಕೆ ಮೊದಲು ಒಂದು ಗಂಟೆ ಕೊಡಿ. ಗಾಜಿನ ಬುಡದ ಮುಚ್ಚಳದ ಕೆಳಗೆ ಕೊಳೆತ ಎಲೆ, ಹೂವು ತುಂಬಿ ನೀರು ಹೋಗುವ ತೂತು ಮುಚ್ಚಿಕೊಂಡಿರುತ್ತದೆ. ಸಂಪಿಗೆ ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಇದು ಗೊತ್ತು. ನೀರು ನಿಂತರೆ ಮೋಟಾರ್ ಅದರಲ್ಲೇ ಮುಳುಗಿ ಕೂರುತ್ತದೆ. ಎಲೆ ಬಾಚಿ ತೆಗೆದು ಒಂದು ಚೊಂಬು ನೀರು ಸುರಿಯಿರಿ, ಚಕ್ರದ ಹಿಂದೆ ಎಲ್ಲೋ ಇಳಿದು ಹೋಗಬೇಕು. ಕಪ್ಲರ್ ಬಿಚ್ಚಿ ಪಿನ್ನು ಹಸಿರಾಗಿದೆಯಾ ನೋಡಿ. ಅರ್ಥ್ ಬೋಲ್ಟ್ ಒಂದು ಸಲ ಬಿಚ್ಚಿ ಉಜ್ಜಿ ಬಿಗಿಯಿರಿ.

ಇಷ್ಟಾದರೂ ದಾರಿಯಲ್ಲಿ ನಿಂತರೆ, ಮೊದಲು ಹಜಾರ್ಡ್ ಲೈಟ್ ಹಾಕಿ ಕಾರನ್ನು ತಿರುವಿನಿಂದ ದೂರ, ಅಗಲ ಇರುವ ಕಡೆ ನಿಲ್ಲಿಸಿ. ಫ್ಯೂಸ್ ಹೋಗಿದ್ದರೆ ಡಬ್ಬಿಯಲ್ಲಿ ಬಿಡಿ ಫ್ಯೂಸ್ ಇದೆಯಾ ನೋಡಿ, ಇಲ್ಲದಿದ್ದರೆ ಅದೇ ಬಣ್ಣದ, ಸದ್ಯಕ್ಕೆ ಬೇಡದ ಒಂದನ್ನು ಕಿತ್ತು ಹಾಕಿ. ಹಳೆಯ ಲಾರಿ ಡ್ರೈವರುಗಳು ಹೊಗೆಸೊಪ್ಪನ್ನೋ ಕತ್ತರಿಸಿದ ಆಲೂಗೆಡ್ಡೆಯನ್ನೋ ಗಾಜಿಗೆ ಉಜ್ಜುತ್ತಿದ್ದರು, ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಹರಿಯಲಿ ಅಂತ. ಜಿಟಿಜಿಟಿ ಮಳೆಗೆ ಹತ್ತಿರದ ಊರಿನ ತನಕ ಅದು ನಡೆಯಬಹುದು. ಚಾರ್ಮಾಡಿಯ ಜುಲೈ ಮಳೆಗೆ ನಡೆಯಲ್ಲ, ನಾನು ಉಜ್ಜಿ ನೋಡಿದ್ದೇನೆ.